ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ: ನೀರು ಬಿಟ್ಟರೆ ಸೋರೋದು ನಿಲ್ಲುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಆರನ್ನು ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಎಲ್ಲವೂ ಒಂದಕ್ಕೆ ಹೋಗುವ ವಿಷಯದವು. ಒಬ್ಬರೂ ಹೆಸರು ಬರೆದಿಲ್ಲ, ಬರೆದಿದ್ದರೂ ನಾನು ಹಾಕುತ್ತಿರಲಿಲ್ಲ. ಓದುತ್ತಾ ಹೋದ ಹಾಗೆ ಒಂದು ಮಾತು ಕಣ್ಣಿಗೆ ಬಿತ್ತು. ಸಿಂಧನೂರಿನ ಟೀಚರ್ ಇರಲಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಕ್ಕ ಇರಲಿ, ಮಾನ್ವಿಯ ಅತ್ತೆ ಇರಲಿ, ಎಲ್ಲರೂ ತಾವೇ ಕಂಡುಕೊಂಡ ಮದ್ದು ಒಂದೇ. ನೀರು ಕುಡಿಯೋದು ಕಮ್ಮಿ ಮಾಡಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ, ಬಿಸಿಲಲ್ಲಿ ದುಡಿದು ಬಂದು, ಬಾಯಿ ಒಣಗಿದರೂ ತಂಬಿಗೆ ಮುಟ್ಟದೆ ಇರುವ ಹೆಂಗಸರು ಎಷ್ಟೊಂದು ಜನ ಅಂತ ನೆನೆದರೆ ನನಗೆ ಸಂಕಟ ಆಗುತ್ತದೆ. ಅದಕ್ಕೇ ಈ ಸಂಚಿಕೆಯ ಜಾಗ ಪೂರ್ತಿ ಇದಕ್ಕೇ.

ಪ್ರಶ್ನೆ: ನನಗೆ 34 ವರ್ಷ. ಸಿಂಧನೂರಿನಿಂದ ದಿನಾ ಬಸ್ಸಿಗೆ ಹೋಗಿ ಹಳ್ಳಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರೋದು ಸಂಜೆ ಐದೂವರೆಗೆ. ಶಾಲೆಯಲ್ಲಿ ಶೌಚಾಲಯ ಇದೆ, ಆದರೆ ಬೀಗ. ಬೀಗ ತೆಗೆಸಿದರೂ ನೀರಿಲ್ಲ. ಅದಕ್ಕೆ ಬೆಳಿಗ್ಗೆ ಒಂದು ಕಪ್ ಚಹಾ ಬಿಟ್ಟರೆ ಏನೂ ಕುಡಿಯಲ್ಲ. ಈ ವರ್ಷ ಮೂರು ಸಲ ಉರಿಮೂತ್ರ ಬಂತು. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದು ನುಂಗುತ್ತೇನೆ, ಎರಡು ದಿನಕ್ಕೆ ಕಮ್ಮಿ ಆಗುತ್ತೆ, ಮತ್ತೆ ಬರುತ್ತೆ. ತಡೆದುಕೊಂಡು ಇರೋದು ನನಗೆ ರೂಢಿ ಆಗಿಬಿಟ್ಟಿದೆ. ಇದರಿಂದ ಏನಾದರೂ ತೊಂದರೆನಾ?

ಉತ್ತರ: ತೊಂದರೆ ಆಗಲೇ ಶುರುವಾಗಿದೆ ಟೀಚರ್. ಹೆಂಗಸರ ಮೂತ್ರನಾಳ ಬರೀ 4 ಸೆಂಟಿಮೀಟರ್ ಉದ್ದ, ಗಂಡಸರದ್ದು ಹೆಚ್ಚೂಕಮ್ಮಿ 20. ನಮ್ಮ ಕರುಳಿನಲ್ಲಿ ಸುಮ್ನೆ ಇರುವ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾಕ್ಕೆ ಅಷ್ಟು ಗಿಡ್ಡ ದಾರಿ ಹತ್ತಿ ಮೂತ್ರಚೀಲ ಸೇರೋದು ಕಷ್ಟ ಅಲ್ಲ. ಮೂತ್ರ ಹೋದಾಗೆಲ್ಲ ಅದು ತೊಳೆದುಕೊಂಡು ಹೋಗುತ್ತದೆ. ನೀವು ಒಂಬತ್ತು ಗಂಟೆ ತಡೆದರೆ, ಮೇಲೆ ನೀರೂ ಕುಡಿಯದಿದ್ದರೆ, ಅದು ಅಲ್ಲೇ ಕೂತು ಬೆಳೆಯುತ್ತದೆ. ಮೂತ್ರಚೀಲದಲ್ಲಿ 150-200 ಎಂಎಲ್ ತುಂಬಿದಾಗ ಮೊದಲ ಸೂಚನೆ ಬರುತ್ತದೆ, 400-500 ಎಂಎಲ್ ತನಕ ಅದು ಹಿಡಿಯುತ್ತದೆ. ಮೂರ್ನಾಲ್ಕು ಗಂಟೆಗೊಮ್ಮೆ, ದಿನಕ್ಕೆ ಆರೇಳು ಸಲ ಹೋಗೋದು ಸರಿಯಾದ ರೂಢಿ.

ಮಾತ್ರೆಯ ಬಗ್ಗೆ ಸ್ವಲ್ಪ ಬೈದೇ ಹೇಳುತ್ತೇನೆ. ಎರಡು ದಿನ ನುಂಗಿ ಬಿಡುವ ಆ್ಯಂಟಿಬಯಾಟಿಕ್ ಎಲ್ಲ ಬ್ಯಾಕ್ಟೀರಿಯಾವನ್ನೂ ಕೊಲ್ಲಲ್ಲ. ಉಳಿದದ್ದು ಮುಂದಿನ ಸಲ ಅದೇ ಮಾತ್ರೆಗೆ ಬಗ್ಗದಿರಬಹುದು. ನಿಮಗೆ ವರ್ಷದಲ್ಲಿ ಮೂರು ಸಲ ಆಗಿದೆ, ಹಾಗಾಗಿ ಇನ್ನು ಊಹೆಯ ಮೇಲೆ ಮಾತ್ರೆ ಬೇಡ. ಮಾತ್ರೆ ಶುರು ಮಾಡುವ ಮೊದಲೇ ಯೂರಿನ್ ಕಲ್ಚರ್ ಮಾಡಿಸಿ. ಮೊದಲು ಬರುವ ಸ್ವಲ್ಪ ಮೂತ್ರ ಬಿಟ್ಟು, ನಡುವಿನದನ್ನು ಲ್ಯಾಬ್‌ನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಬೇಕು. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಜೊತೆಗೆ ಸಕ್ಕರೆಯನ್ನೂ ನೋಡಿಸಿ. ಗಂಡನ ಜೊತೆ ಸೇರಿದ ಮೇಲೆ ಎದ್ದು ಹೋಗಿ ಬರುವ ರೂಢಿ ಇಟ್ಟುಕೊಳ್ಳಿ, ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಉರಿಯ ಜೊತೆ ಚಳಿಜ್ವರ, ಪಕ್ಕೆ ನೋವು, ವಾಂತಿ ಬಂದರೆ ಸೋಂಕು ಕಿಡ್ನಿಗೆ ಏರಿದೆ ಅಂತ ತಿಳಿದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಸುರಿ ಆಗಿದ್ದರಂತೂ ಒಂದು ದಿನವೂ ಕಾಯಬಾರದು.

ಇನ್ನು ಬೀಗದ ವಿಷಯ. ಅದು ನಿಮ್ಮೊಬ್ಬರ ತೊಂದರೆ ಅಂದುಕೊಂಡು ಒಂಬತ್ತು ಗಂಟೆ ಹಲ್ಲು ಕಚ್ಚಿ ಕೂತಿದ್ದೀರಿ, ಆದರೆ ಅದೇ ಶಾಲೆಯಲ್ಲಿ ಆರು, ಏಳನೇ ಕ್ಲಾಸಿನ ಹುಡುಗಿಯರೂ ನಿಮ್ಮ ಹಾಗೇ ನೀರು ಕುಡಿಯದೆ ಕೂತಿರುತ್ತಾರೆ ಅಲ್ವಾ? ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ಮಾತು ಎತ್ತಿ. ಒಬ್ಬರೇ ಬೇಡ, ಇಬ್ಬರು ಮೂವರು ತಾಯಂದಿರನ್ನು ಕರೆದುಕೊಂಡು ಹೋಗಿ. ಕೀಲಿ ಯಾರ ಹತ್ತಿರ ಇರಬೇಕು, ಡ್ರಮ್ಮಿಗೆ ದಿನಾ ನೀರು ಯಾರು ತುಂಬಬೇಕು, ಈ ಎರಡು ಮಾತು ಬರವಣಿಗೆಯಲ್ಲಿ ಆಗಲಿ. ಅಲ್ಲಿಯ ತನಕ ಒಂದು ಬಾಟಲಿ ಕುಡಿಯಲು, ಇನ್ನೊಂದು ತೊಳೆಯಲು ಜೊತೆಗೇ ಒಯ್ಯಿರಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು ಸಲವಾದರೂ ಹೋಗಲೇಬೇಕು.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ. ವಯಸ್ಸು 42, ಎರಡು ಹೆರಿಗೆ, ಎರಡೂ ನಾರ್ಮಲ್. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ, ಜೋರಾಗಿ ನಕ್ಕರೂ ಸ್ವಲ್ಪ ಸೋರುತ್ತೆ. ಹಳೆ ಬಟ್ಟೆ ಮಡಚಿ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತೇನೆ. ನೀರು ಕಮ್ಮಿ ಮಾಡಿದ್ದೇನೆ, ಜಾಸ್ತಿ ಸಲ ಎದ್ದು ಹೋದರೆ ಸೂಪರ್‌ವೈಸರ್ ಮಾತಾಡುತ್ತಾರೆ. ಓಣಿಯವರು ಗರ್ಭಚೀಲ ತೆಗೆಸಿಬಿಡು, ಎಲ್ಲಾ ಸರಿ ಆಗುತ್ತೆ ಅಂತಾರೆ. ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ ಅಂತಾನೂ ಅಂತಾರೆ. ಏನು ಮಾಡಲಿ ಮೇಡಂ?

ಉತ್ತರ: ಅಕ್ಕ, ಮೊದಲನೇ ಮಾತು. ಗರ್ಭಚೀಲ ತೆಗೆಸಿದ ಮಾತ್ರಕ್ಕೆ ಮೂತ್ರ ಸೋರೋದು ನಿಲ್ಲಲ್ಲ. ಗರ್ಭಚೀಲ ಬೇರೆ, ಮೂತ್ರಚೀಲ ಬೇರೆ. ಸೋರಿಕೆಗೆ ಅಂತ ಗರ್ಭಚೀಲ ತೆಗೆಸಿಕೊಂಡು, ಆಮೇಲೂ ಹಾಗೇ ಸೋರುತ್ತಾ ಇರೋ ಹೆಂಗಸರು ನನ್ನ ಮುಂದೆ ಕೂತು ಅತ್ತಿದ್ದಾರೆ. ನೀವು ಆ ಸಾಲಿಗೆ ಸೇರೋದು ಬೇಡ.

ಎರಡನೇ ಮಾತು. ಮಕ್ಕಳಾದವರಲ್ಲಿ ಇದು ತುಂಬಾ ಜನಕ್ಕೆ ಇದೆ ನಿಜ, ಆದರೆ ತುಂಬಾ ಜನಕ್ಕೆ ಇದೆ ಅಂದ ಮಾತ್ರಕ್ಕೆ ಸಹಿಸಿಕೊಳ್ಳಬೇಕು ಅಂತಲ್ಲ. ನನಗೂ ಎರಡನೇ ಹೆರಿಗೆಯ ನಂತರ ಹೀಗೇ ಆಗುತ್ತಿತ್ತು. ಡ್ಯೂಟಿಯಲ್ಲಿ ಲೇಬರ್ ವಾರ್ಡಿಗೆ ಓಡುವಾಗ ಒದ್ದೆ ಆಗುತ್ತಿತ್ತು. ಡಾಕ್ಟರ್ ಆಗಿದ್ದೂ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಆ ಎರಡು ವರ್ಷ ಸುಮ್ನೆ ಕಳೆದೆನಲ್ಲ ಅಂತ ಇವತ್ತಿಗೂ ಬೇಜಾರಿದೆ, ಯಾಕೆಂದರೆ ಮೂರು ತಿಂಗಳ ವ್ಯಾಯಾಮದಲ್ಲಿ ಅದು ನಿಂತಿತು.

ನಮ್ಮ ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಎಲುಬಿನಿಂದ ಹಿಂದೆ ಬೆನ್ನೆಲುಬಿನ ತುದಿಯ ತನಕ, ಕೂಸು ಮಲಗಿಸುವ ಸೀರೆಯ ಜೋಳಿಗೆ ಕಟ್ಟಿದ ಹಾಗೆ ಸ್ನಾಯುಗಳ ಹಾಸು ಇದೆ. ಮೂತ್ರಚೀಲ, ಗರ್ಭಚೀಲ, ಕರುಳಿನ ಕೊನೆ ಮೂರೂ ಅದರ ಮೇಲೆ ಕೂತಿವೆ. ಬಸುರಿನ ಭಾರಕ್ಕೆ, ಹೆರಿಗೆಯ ಎಳೆತಕ್ಕೆ ಆ ಜೋಳಿಗೆ ಸಡಿಲಾಗುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಕೆಳಗೆ ಬೀಳುತ್ತದೆ, ಸಡಿಲಾದ ಹಾಸು ತಡೆಯಲಾರದೆ ನಾಳ ತೆರೆದುಕೊಳ್ಳುತ್ತದೆ. ಅಂದರೆ ನೀರು ಕುಡಿದದ್ದು ಇಲ್ಲಿ ಕಾರಣವೇ ಅಲ್ಲ. ಜೋಳಿಗೆಯನ್ನು ಮತ್ತೆ ಬಿಗಿ ಮಾಡಬೇಕು, ಅಷ್ಟೇ. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ವೈದ್ಯರು ಇದಕ್ಕೆ ವ್ಯಾಯಾಮವನ್ನು ಬರೆದಿಟ್ಟರು. ಇವತ್ತಿಗೂ ಮೊದಲ ಚಿಕಿತ್ಸೆ ಅದೇ.

ಹೇಗೆ ಅಂದರೆ, ನಾಲ್ಕು ಜನರ ನಡುವೆ ಕೂತಾಗ ಗಾಳಿ ಹೋಗದ ಹಾಗೆ ಬಿಗಿ ಹಿಡಿಯುತ್ತೀರಲ್ಲ, ಅದೇ ಸ್ನಾಯು. ಅದನ್ನು ಒಳಗೆ, ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆ, ತೊಡೆ, ಕುಂಡಿ ಬಿಗಿ ಮಾಡಬಾರದು, ಉಸಿರೂ ಹಿಡಿಯಬಾರದು. ಶುರುವಿಗೆ ಮೂರು ಎಣಿಸುವ ತನಕ ಹಿಡಿದರೆ ಸಾಕು, ಅಷ್ಟೇ ಹೊತ್ತು ಪೂರ್ತಿ ಬಿಡಿ. ಬಿಡೋದೂ ಹಿಡಿಯೋದರಷ್ಟೇ ಮುಖ್ಯ. ಹೀಗೆ ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ವಾರಗಳು ಕಳೆದ ಹಾಗೆ ಹತ್ತು ಎಣಿಸುವ ತನಕ ಏರಿಸಿ. ಯಾರಿಗೂ ಕಾಣಲ್ಲ, ಮಷಿನ್ ಮೇಲೆ ಕೂತೇ ಮಾಡಬಹುದು. ನಿಮ್ಮಂಥ ಕೆಲಸ ಮಾಡುವ ಒಬ್ಬರಿಗೆ ನಾನು ಬಾಬಿನ್ ಬದಲಿಸಿದಾಗೆಲ್ಲ ಎರಡು ಸಲ ಮಾಡಿ ಅಂದಿದ್ದೆ, ಅವರಿಗೆ ಅದೇ ನೆನಪಿನ ಗುರುತಾಯಿತು. ಕೆಮ್ಮು ಬರುತ್ತೆ ಅಂತ ಗೊತ್ತಾದ ಕೂಡಲೇ, ಕೊಡ ಎತ್ತುವ ಮೊದಲು, ಒಂದು ಸಲ ಬಿಗಿದುಕೊಂಡು ಆಮೇಲೆ ಕೆಮ್ಮಿ, ಆಮೇಲೆ ಎತ್ತಿ. ಕೆಲವರಿಗೆ ಇದರಿಂದಲೇ ಸುಮಾರು ಕಮ್ಮಿ ಆಗುತ್ತದೆ. ಮೂತ್ರ ಹೋಗುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಮೂತ್ರಚೀಲ ಪೂರ್ತಿ ಖಾಲಿ ಆಗದಂತೆ ಮಾಡುತ್ತದೆ.

ಮೂರು ತಿಂಗಳು ಬಿಡದೆ ಮಾಡಿ. ಬಟ್ಟೆಯ ನಾರು, ಧೂಳಿನಿಂದ ಕೆಮ್ಮು ಇದ್ದರೆ ಅದಕ್ಕೂ ಔಷಧಿ ತಗೊಳ್ಳಿ, ಕೆಮ್ಮು ನಿಲ್ಲದೆ ಸೋರೋದು ನಿಲ್ಲಲ್ಲ. ಮಲ ಕಟ್ಟಿ ತಿಣುಕುವ ಅಭ್ಯಾಸ ಇದ್ದರೆ ಅದೂ ಈ ಜೋಳಿಗೆಯನ್ನೇ ಸಡಿಲ ಮಾಡುತ್ತದೆ. ಮೈ ಭಾರ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಫರಕು ಕಾಣುತ್ತದೆ. ಕೆಳಗೆ ಏನೋ ಗಂಟು ಜಾರಿ ಬಂದ ಹಾಗೆ ಅನಿಸಿದರೆ ತೋರಿಸಿ. ಗರ್ಭಚೀಲ ಜಾರಿದ್ದರೂ ಒಳಗೆ ಇಡುವ ರಿಂಗ್ ಇದೆ, ಎಲ್ಲರಿಗೂ ಆಪರೇಷನ್ ಬೇಕಿಲ್ಲ. ವ್ಯಾಯಾಮದಿಂದ ಆಗದೇ ಹೋದರೆ ಮೂತ್ರನಾಳಕ್ಕೆ ಆಧಾರ ಕೊಡುವ ಬೇರೆ ಆಪರೇಷನ್ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇವೆ, ಹೆರಿಗೆ ವಿಭಾಗದ ಓಪಿಡಿಯಲ್ಲಿ ನಾಚಿಕೊಳ್ಳದೆ "ಮೂತ್ರ ಸೋರುತ್ತೆ" ಅಂತ ಆ ಎರಡೇ ಪದ ಹೇಳಿ, ಮುಂದಿನದ್ದು ಡಾಕ್ಟರ್ ಕೇಳುತ್ತಾರೆ.

ಒಂದು ಎಚ್ಚರಿಕೆ. ಕೆಮ್ಮದೆಯೂ, ಕೂತರೂ ಮಲಗಿದರೂ, ಹಗಲು ರಾತ್ರಿ ಒಂದೇ ಸಮ ಸೋರುತ್ತಿದ್ದರೆ ಅದು ಬೇರೆ. ದಿನಗಟ್ಟಲೆ ನೋವು ತಿಂದು ಹೆತ್ತವರಿಗೆ, ಕೆಲವೊಮ್ಮೆ ಆಪರೇಷನ್ ಆದವರಿಗೆ, ಮೂತ್ರಚೀಲಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಅದಕ್ಕೆ ವ್ಯಾಯಾಮ ನಾಟಲ್ಲ, ಆಪರೇಷನ್‌ನಿಂದ ಮುಚ್ಚಬೇಕು, ಮುಚ್ಚಲು ಆಗುತ್ತದೆ.

ಸೂಪರ್‌ವೈಸರ್ ಬಗ್ಗೆ. ಕಾರ್ಖಾನೆಯಲ್ಲಿ ಹೆಂಗಸರಿಗೆ ಬೇರೆಯೇ ಶೌಚಾಲಯ ಇರಬೇಕು, ಕೆಲಸದ ಹೊತ್ತಿನಲ್ಲಿ ಯಾವಾಗ ಬೇಕಾದರೂ ಹೋಗುವಂತಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಕಾನೂನಿನಲ್ಲೂ ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಅಂತಲೇ ಇದೆ. ನಾಲ್ಕೈದು ಜನ ಕೂಡಿ ಹೇಳಿ, ಒಬ್ಬರೇ ಹೇಳಿದರೆ ಒಬ್ಬರ ಮೇಲೆ ಕಣ್ಣು ಬೀಳುತ್ತದೆ.

ಪ್ರಶ್ನೆ: ಗಂಗಾವತಿ. 29 ವರ್ಷ, ಮನೆಯಲ್ಲೇ ಇರುತ್ತೇನೆ. ಅರ್ಧ ಗಂಟೆಗೊಮ್ಮೆ ಒಂದಕ್ಕೆ ಹೋಗಬೇಕು ಅನಿಸುತ್ತೆ. ಹೋದರೆ ಸ್ವಲ್ಪವೇ ಬರುತ್ತೆ. ಮನೆ ಬಿಡುವ ಮೊದಲು ಎರಡು ಮೂರು ಸಲ ಹೋಗುತ್ತೇನೆ, ನಲ್ಲಿ ಸದ್ದು ಕೇಳಿದರೂ ಓಡಬೇಕು. ಎರಡು ವರ್ಷದಿಂದ ಕೊಪ್ಪಳದ ಗವಿಮಠದ ಜಾತ್ರೆಗೂ ಹೋಗಿಲ್ಲ, ಹುಲಿಗಿಯ ಹುಲಿಗೆಮ್ಮನ ಗುಡಿಗೂ ಹೋಗಿಲ್ಲ. ನೀರು ಬಿಟ್ಟರೂ ಕಮ್ಮಿ ಆಗಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದೆ, ಸಕ್ಕರೆನೂ ನಾರ್ಮಲ್ ಬಂತು.

ಉತ್ತರ: ಪರೀಕ್ಷೆ ಮಾಡಿಸಿದ್ದು ಒಳ್ಳೇದಾಯಿತು ತಂಗಿ. ಮುಟ್ಟು ತಡವಾಗಿದ್ದರೆ ಬಸುರಿ ಪರೀಕ್ಷೆಯನ್ನೂ ಮಾಡಿ ನೋಡಿ, ಶುರುವಿನ ತಿಂಗಳಲ್ಲಿ ಹೀಗಾಗುತ್ತದೆ. ಅದೂ ಅಲ್ಲ ಅಂದರೆ ನಿಮ್ಮ ಮೂತ್ರಚೀಲ ಕೆಟ್ಟ ಪಾಠ ಕಲಿತಿದೆ. "ಯಾವುದಕ್ಕೂ ಇರಲಿ" ಅಂತ ಬಂದರೂ ಬರದಿದ್ದರೂ ಹೋಗಿ ಹೋಗಿ, ನೂರು ಎಂಎಲ್ ತುಂಬುವಷ್ಟರಲ್ಲೇ ಅದು ಕೂಗಲು ಕಲಿತಿದೆ. ನೀರು ಬಿಟ್ಟದ್ದು ಇನ್ನೂ ಕೆಟ್ಟದಾಯಿತು, ಗಟ್ಟಿ ಹಳದಿ ಮೂತ್ರ ಒಳಗಿನ ಪದರವನ್ನು ಕೆಣಕುತ್ತದೆ.

ಮೂರು ದಿನ ಒಂದು ಲೆಕ್ಕ ಇಡಿ. ಅಳತೆ ಗೆರೆ ಇರುವ ಪ್ಲಾಸ್ಟಿಕ್ ಮಗ್ ಒಂದನ್ನು ಬಾತ್‌ರೂಮಿಗೇ ಅಂತ ಇಟ್ಟು, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಬಂತು, ಏನು ಕುಡಿದಿರಿ ಅಂತ ಬರೆಯಿರಿ. ಆಮೇಲೆ ಅರ್ಧ ಗಂಟೆಯನ್ನು ಮುಕ್ಕಾಲು ಗಂಟೆ ಮಾಡಿ. ಆತುರ ಅಲೆಯ ಹಾಗೆ ಏರುತ್ತೆ, ಒಂದೆರಡು ನಿಮಿಷಕ್ಕೆ ಇಳಿಯುತ್ತೆ. ಏರಿದಾಗ ಓಡಬೇಡಿ. ಓಡಿದರೇ ಸೋರೋದು. ನಿಂತಲ್ಲೇ ನಿಲ್ಲಿ ಅಥವಾ ಗಟ್ಟಿ ಕುರ್ಚಿಯ ಮೇಲೆ ಕೂತುಕೊಳ್ಳಿ. ಮೇಲಿನ ಅಕ್ಕನಿಗೆ ಹೇಳಿದ ಸ್ನಾಯುವನ್ನು ಐದಾರು ಸಲ ಬೇಗ ಬೇಗ ಬಿಗಿದು ಬಿಡಿ, ಅಲೆ ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಿ. ವಾರಕ್ಕೆ ಹದಿನೈದು ನಿಮಿಷ ಏರಿಸುತ್ತಾ ಹೋದರೆ ಆರು ವಾರದಲ್ಲಿ ಎರಡು ಗಂಟೆ ದಾಟುತ್ತೀರಿ. ಅಲ್ಲಿಂದ ಮೂರು ಗಂಟೆಯ ತನಕ ಹೀಗೇ ಮುಂದುವರಿಸಿ. ಚಹಾ ಎಷ್ಟು ಅಂತ ನೀವು ಬರೆದಿಲ್ಲ. ಐದಾರು ಕಪ್ ಇದ್ದರೆ ಎರಡಕ್ಕೆ ಇಳಿಸಿ, ಅದರಲ್ಲಿನ ಕೆಫೀನ್ ಮೂತ್ರಚೀಲವನ್ನು ಚುಚ್ಚುತ್ತದೆ.

ಸಿಂಧನೂರಿನವರಿಗೆ ತಡೀಬೇಡಿ ಅಂದು ನಿಮಗೆ ತಡೀರಿ ಅನ್ನುತ್ತಿದ್ದೇನೆ ಅಂತ ಗಲಿಬಿಲಿ ಬೇಡ. ಅವರು ಒಂಬತ್ತು ಗಂಟೆಯಿಂದ ಮೂರಕ್ಕೆ ಇಳಿಯಬೇಕು, ನೀವು ಅರ್ಧದಿಂದ ಮೂರಕ್ಕೆ ಏರಬೇಕು. ಆರು ವಾರ ಮಾಡಿಯೂ ಏನೂ ಆಗದಿದ್ದರೆ ಮೂತ್ರಚೀಲದ ಬಿಗಿತ ಇಳಿಸುವ ಮಾತ್ರೆ ಇವೆ, ತೋರಿಸಿ ತಗೊಳ್ಳಿ. ಹುಲಿಗಿಗೆ ಮಾತ್ರ ಅಲ್ಲಿಯ ತನಕ ಕಾಯಬೇಡಿ. ಅಮಾವಾಸ್ಯೆ ಹುಣ್ಣಿಮೆಯ ಗದ್ದಲ ಬಿಟ್ಟು ಖಾಲಿ ದಿನ ಹೋಗಿ ಬನ್ನಿ.

ಪ್ರಶ್ನೆ: ಮಾನ್ವಿ ತಾಲ್ಲೂಕು. ನಮ್ಮ ಅತ್ತೆಗೆ 68. ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಬಚ್ಚಲು ಹೊರಗಿದೆ, ಅಲ್ಲಿಗೆ ಹೋಗೋದರೊಳಗೆ ಸೀರೆ ಒದ್ದೆ ಆಗಿರುತ್ತೆ. ಹೋದ ತಿಂಗಳು ಜಾರಿ ಬಿದ್ದರು. ಸಂಜೆ ಕಾಲು ಬಾತಿರುತ್ತವೆ. ಬಿಪಿ ಮಾತ್ರೆ ತಗೋತಾರೆ. ಮಗನ ಮುಂದೆ ಹೇಳಬೇಡ ಅಂತ ನನಗೆ ಆಣೆ ಹಾಕಿಸಿದ್ದಾರೆ. ಮಧ್ಯಾಹ್ನದಿಂದ ನೀರೇ ಮುಟ್ಟಲ್ಲ.

ಉತ್ತರ: ಅತ್ತೆಯ ಆಣೆ ಉಳಿಸಿಕೊಂಡು ನನಗೆ ಬರೆದಿದ್ದೀಯಲ್ಲ ತಂಗಿ, ನಿನ್ನ ಮನಸ್ಸು ದೊಡ್ಡದು. ಈ ವಯಸ್ಸಿಗೆ ರಾತ್ರಿ ಒಂದೆರಡು ಸಲ ಏಳೋದು ಸಹಜ. ನಾಲ್ಕೈದು ಅಂದರೆ ಹುಡುಕಬೇಕು.

ಮೊದಲು ಸಕ್ಕರೆ. ಬರಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಇರಬಹುದು, ಇನ್ನೊಂದು ಸಲ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. 30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿಪಿ ಎರಡನ್ನೂ ಪುಕ್ಕಟೆ ನೋಡುತ್ತಾರೆ. "ಬಿಪಿ ನೋಡಿಸೋಣ ಬನ್ನಿ" ಅಂತ ಕರೆದುಕೊಂಡು ಹೋದರೆ ಆಣೆಯೂ ಮುರಿಯಲ್ಲ. ಎರಡನೆಯದು ಬಾತ ಕಾಲು. ಹಗಲು ಕಾಲಲ್ಲಿ ನಿಂತ ನೀರು ರಾತ್ರಿ ಮಲಗಿದಾಗ ರಕ್ತಕ್ಕೆ ಸೇರಿ ಮೂತ್ರವಾಗಿ ಬರುತ್ತದೆ. ಮಧ್ಯಾಹ್ನದ ನಂತರ ಒಂದೆರಡು ತಾಸು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿದರೆ ಆ ನೀರು ಹಗಲೇ ಹೋಗುತ್ತದೆ. ಬಾವು ಹೃದಯದಿಂದಲೋ ಕಿಡ್ನಿಯಿಂದಲೋ ಅಂತ ಡಾಕ್ಟರ್ ನೋಡಲೇಬೇಕು. ಬಿಪಿ ಮಾತ್ರೆಯ ಚೀಟಿಯನ್ನೂ ಒಯ್ಯಿ. ಅದರಲ್ಲಿ ನೀರು ಇಳಿಸುವ ಮಾತ್ರೆ ಇದ್ದು ಸಂಜೆ ನುಂಗುತ್ತಿದ್ದರೆ, ಬೆಳಿಗ್ಗೆಗೆ ಬದಲಿಸಬಹುದಾ ಅಂತ ಅವರನ್ನೇ ಕೇಳು, ನೀವೇ ಬದಲಿಸಬೇಡಿ. ಮುಟ್ಟು ನಿಂತ ಮೇಲೆ ಆ ಜಾಗದ ಚರ್ಮ ಒಣಗಿ ತೆಳ್ಳಗಾಗುತ್ತದೆ, ಅದರಿಂದಲೂ ಆತುರ, ಉರಿ ಬರುತ್ತದೆ. ಅದಕ್ಕೆ ಹಚ್ಚುವ ಈಸ್ಟ್ರೋಜನ್ ಮುಲಾಮು ಇದೆ, ಡಾಕ್ಟರ್ ಬರೆದುಕೊಡಬೇಕು.

ನೀರನ್ನು ಸಂಜೆ ಏಳರ ತನಕ ಚೆನ್ನಾಗಿ ಕುಡಿಯಲಿ, ಮಲಗುವ ಎರಡು ಮೂರು ತಾಸು ಮೊದಲು ಕಮ್ಮಿ ಮಾಡಲಿ. ಇಡೀ ಮಧ್ಯಾಹ್ನ ಬಾಯಿ ಒಣಗಿಸಿಕೊಂಡರೆ ತಲೆ ಸುತ್ತಿ ಮತ್ತೆ ಬೀಳುತ್ತಾರೆ. ನನಗೆ ಎಲ್ಲಕ್ಕಿಂತ ಭಯ ಆ ಬೀಳೋದರದ್ದೇ, ಈ ವಯಸ್ಸಿಗೆ ತೊಡೆ ಮೂಳೆ ಮುರಿದರೆ ಹಾಸಿಗೆ ಹಿಡಿಯುತ್ತಾರೆ. ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ, ಆಗದಿದ್ದರೆ ಮುಚ್ಚಳ ಇರುವ ಬಕೆಟ್, ಜೊತೆಗೆ ಹಿಡಿದು ಏಳಲು ಗಟ್ಟಿ ಸ್ಟೂಲ್. ರಾತ್ರಿ ಪೂರ್ತಿ ಸಣ್ಣ ದೀಪ ಉರಿಯಲಿ. ಇನ್ನೊಂದು ಸಣ್ಣ ವಿಷಯ, ಲಂಗದ ಗಂಟು. ಕತ್ತಲಲ್ಲಿ ಆತುರದಲ್ಲಿ ಆ ಗಂಟು ಬಿಚ್ಚಲು ಆಗದೇ ಎಷ್ಟೋ ಅಜ್ಜಿಯರು ಒದ್ದೆ ಮಾಡಿಕೊಳ್ಳುತ್ತಾರೆ. ರಾತ್ರಿಗೆ ನೈಟಿ ಹಾಕಿಸು, ಒಲ್ಲೆ ಅಂದರೆ ಲಂಗಕ್ಕೆ ಎಲಾಸ್ಟಿಕ್ ಹೊಲಿಸಿಕೊಡು.

ಪ್ರಶ್ನೆ: ಬಳ್ಳಾರಿ. ಬಸ್ ಸ್ಟ್ಯಾಂಡ್, ಆಸ್ಪತ್ರೆಗಳಲ್ಲಿ ವೆಸ್ಟರ್ನ್ ಕಮೋಡ್ ಮೇಲೆ ಕೂರಲು ಅಸಹ್ಯ. ಅರ್ಧ ಬಗ್ಗಿ ನಿಂತೇ ಮುಗಿಸುತ್ತೇನೆ. ಸರಿನಾ?

ಉತ್ತರ: ಬೇಡ. ಅರ್ಧ ಬಗ್ಗಿ ನಿಂತಾಗ ತೊಡೆಯ ಜೊತೆ ಆ ಜೋಳಿಗೆಯೂ ಬಿಗಿಯಾಗಿರುತ್ತದೆ, ಮೂತ್ರ ಪೂರ್ತಿ ಹೋಗಲ್ಲ. ಸೀಟು ಮುಟ್ಟಿದ್ದರಿಂದ ಉರಿಮೂತ್ರ ಬರಲ್ಲ. ನೀರು ಹಾಕಿ ಒರೆಸಿ ಪೂರ್ತಿ ಕೂತುಕೊಳ್ಳಿ, ಇಂಡಿಯನ್ ಟಾಯ್ಲೆಟ್ ಇದ್ದರೆ ಕುಕ್ಕರಗಾಲಲ್ಲಿ ಪೂರ್ತಿ ಕೂತುಕೊಳ್ಳಿ. ತಿಣುಕಬೇಡಿ, ಮುಗಿದ ಮೇಲೆ ಸ್ವಲ್ಪ ಮುಂದೆ ಬಾಗಿ ಒಂದು ಕ್ಷಣ ಕಾಯಿರಿ.

ಪ್ರಶ್ನೆ: ಕುರುಗೋಡು ತಾಲ್ಲೂಕು. ಮೆಣಸಿನಕಾಯಿ ಬಿಡಿಸಲು ಇಪ್ಪತ್ತು ಹೆಂಗಸರು ಕೂಲಿಗೆ ಹೋಗುತ್ತೇವೆ. ಹೊಲದಲ್ಲಿ ಒಂದು ಗಿಡದ ಮರೆಯೂ ಇಲ್ಲ. ಸಂಜೆ ತನಕ ತಡಿಯೋದೇ. ಯಾವಾಗಾದರೂ ಹೋದರೆ ಆಮೇಲೆ ಬೆಂಕಿ ಹಚ್ಚಿದಂಗೆ ಉರಿಯುತ್ತೆ. ಇದು ಹೀಟ್ ಆಗಿದ್ದಾ, ಸೋಂಕಾ?

ಉತ್ತರ: ಹೊರಗಿನ ಚರ್ಮ ಕೂಡಲೇ ಉರಿದು, ಎರಡು ಮೂರು ತಾಸಿಗೆ ತಾನೇ ಇಳಿದರೆ ಅದು ಕೈಯ ಖಾರ. ಖಾರ ನೀರಿಗೆ ಕರಗಲ್ಲ, ಎಣ್ಣೆಗೆ ಕರಗುತ್ತದೆ. ಬುತ್ತಿಯ ಜೊತೆ ಒಂದು ಸಣ್ಣ ಬಾಟಲಿ ಅಡುಗೆ ಎಣ್ಣೆ, ಒಂದು ತುಂಡು ಸೋಪು ಒಯ್ಯಿರಿ. ಮೊದಲು ಕೈಗೆ, ಉಗುರು ಸಂದಿಗೆ ಎಣ್ಣೆ ಉಜ್ಜಿ, ಆಮೇಲೆ ಸೋಪು ಹಚ್ಚಿ ತೊಳೆದು, ಆಮೇಲೆ ಹೋಗಿ. ಮೂತ್ರ ಹೋಗುವಾಗ ಒಳಗಿಂದಲೇ ಉರಿದರೆ, ಮರುದಿನವೂ ಹಾಗೇ ಇದ್ದರೆ, ಕೆಂಪಾಗಿ ಬಂದರೆ, ಅದು ಸೋಂಕೋ ಕಲ್ಲೋ ಇರಬಹುದು, ಪರೀಕ್ಷೆ ಬೇಕು. ರಕ್ತ ಒಂದೇ ಸಲ ಕಂಡರೂ ತೋರಿಸಿ.

ಮರೆಗೆ ನಾಲ್ಕು ಗೂಟ, ಎರಡು ಹಳೆ ಸೀರೆ ಸಾಕು. ಹೊಲದ ಮೂಲೆಯಲ್ಲಿ ಬೆಳಿಗ್ಗೆ ಹೋದ ಕೂಡಲೇ ಕಟ್ಟಿ, ಸಂಜೆ ಬಿಚ್ಚಿಕೊಂಡು ಬನ್ನಿ. ಗೂಟ ಹೊಲದವರನ್ನೇ ಕೇಳಿ, ಇಪ್ಪತ್ತು ಜನ ಒಟ್ಟಿಗೆ ಕೇಳಿದರೆ ಸುಗ್ಗಿಯ ಹೊತ್ತಲ್ಲಿ ಯಾರೂ ಇಲ್ಲ ಅನ್ನಲ್ಲ. ಬಾಯಾರಿಕೆಗೆ ಮಜ್ಜಿಗೆ, ಅಂಬಲಿ, ನೀರು ಯಾವುದಾದರೂ ಸರಿ, ಮೂತ್ರ ತಿಳಿ ಹಳದಿ ಬರುವಷ್ಟು ಕುಡಿಯಿರಿ. ಇಬ್ಬಿಬ್ಬರು ಜೊತೆಯಾಗಿ ಹೋಗಿ, ಒಬ್ಬರು ಸೀರೆಯ ಹೊರಗೆ ನಿಂತಿರಲಿ.